ಓದುಗರ ಪ್ರಶ್ನೆ: ಉಪಗ್ರಹ ಕೈಕೊಟ್ಟರೆ ಟಿವಿಗೇನು ಗತಿ?

ಪ್ರಶ್ನೆ: 2022ರಲ್ಲಿ ಉಡಾವಣೆಯಾದ ಜಿಸ್ಯಾಟ್-24 ಉಪಗ್ರಹದ ಪೂರ್ತಿ ಸಾಮರ್ಥ್ಯವನ್ನು ಟಾಟಾ ಪ್ಲೇ ಸಂಸ್ಥೆಯೊಂದೇ ಗುತ್ತಿಗೆಗೆ ಪಡೆಯಿತೆಂದು ಓದಿದ್ದೇನೆ. ಅಂದು ರಾಕೆಟ್ ವಿಫಲವಾಗಿದ್ದರೆ ಆ ಸಂಸ್ಥೆಯ ಚಂದಾದಾರರ ಮನೆಗಳಲ್ಲಿ ಟಿವಿ ನಿಂತುಹೋಗುತ್ತಿತ್ತೇ?
— ಓದುಗರೊಬ್ಬರು, ಶಿರಸಿ

ಉತ್ತರ: ನಿಂತುಹೋಗುತ್ತಿರಲಿಲ್ಲ. ಹೊಸ ಉಪಗ್ರಹ ಮೇಲೇರುವ ದಿನ ಹಳೆಯವು ಕೆಲಸ ಮಾಡುತ್ತಲೇ ಇರಬೇಕು ಎಂಬುದು ಡಿಟಿಎಚ್ (ಉಪಗ್ರಹದಿಂದ ನೇರವಾಗಿ ಮನೆಯ ಡಿಶ್‌ಗೆ ಬರುವ ಟಿವಿ ಸೇವೆ) ಯೋಜನೆಯ ಮೊದಲ ನಿಯಮ. ನಿಮ್ಮ ಕಡೆಯ ಅಡಿಕೆ ತೋಟಗಳಲ್ಲಿ ಹಳೆಯ ಮರ ಬೀಳುವ ಮೊದಲೇ ಅದರ ಪಕ್ಕದಲ್ಲಿ ಸಸಿ ನೆಡುವಂತೆ, ಇಲ್ಲಿಯೂ ಒಂದರ ಆಯುಷ್ಯ ತೀರುವ ಮುನ್ನ ಇನ್ನೊಂದು ಅದೇ ಜಾಗಕ್ಕೆ ಬಂದಿರಬೇಕಾಗುತ್ತದೆ.

ಆ ಜಾಗ ಯಾವುದೆಂಬುದೇ ಇಲ್ಲಿ ಮುಖ್ಯ. ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ, 83 ಡಿಗ್ರಿ ಪೂರ್ವ ರೇಖಾಂಶದ ನೇರಕ್ಕೆ, 2005ರ ಡಿಸೆಂಬರಿನಲ್ಲಿ ಉಡಾವಣೆಯಾದ ಇನ್ಸಾಟ್-4ಎ ನೆಲೆಗೊಂಡಿತು. ಮರುವರ್ಷ ಆಗ ಟಾಟಾ ಸ್ಕೈ ಎಂಬ ಹೆಸರಿದ್ದ ಸೇವೆ ಅದನ್ನು ನೆಚ್ಚಿಕೊಂಡೇ ಆರಂಭವಾಯಿತು. 2012ರ ಸೆಪ್ಟೆಂಬರಿನಲ್ಲಿ ಜಿಸ್ಯಾಟ್-10 ಅದೇ ನೆಲೆಗೆ ಬಂದಿತು. ಇನ್ಸಾಟ್-4ಎ ಉಪಗ್ರಹದ ಬದಲಿಗೆಂದು 2020ರ ಜನವರಿಯಲ್ಲಿ ಜಿಸ್ಯಾಟ್-30 ಬಂದಿತು. ಮನೆಗಳ ಡಿಶ್‌ಗಳು ಗ್ರಹಿಸುವ ಕೆಯು ಬ್ಯಾಂಡಿನಲ್ಲಿ ಈ ಮೂರರಲ್ಲಿ ಪ್ರತಿಯೊಂದಕ್ಕೂ ತಲಾ 12 ಟ್ರಾನ್ಸ್‌ಪಾಂಡರ್‌ಗಳು, ಅಂದರೆ ಭೂಮಿಯಿಂದ ಬಂದ ಸಂಕೇತವನ್ನು ಪಡೆದು ಮರಳಿ ಕಳಿಸುವ ಘಟಕಗಳು, ಇದ್ದವು. 2022ರ ಜೂನಿನಲ್ಲಿ ಫ್ರೆಂಚ್ ಗಯಾನಾದ ಕೌರೂ ನೆಲೆಯಿಂದ ಏರಿಯಾನ್-5 ರಾಕೆಟ್ಟಿನಲ್ಲಿ ಹೋದ 4,180 ಕಿಲೋಗ್ರಾಂ ತೂಕದ ಜಿಸ್ಯಾಟ್-24 ಒಂದರಲ್ಲೇ 24 ಇವೆ. ಅಂದರೆ ಆ ಉಡಾವಣೆ ವಿಫಲವಾಗಿದ್ದರೆ ಕೈತಪ್ಪುತ್ತಿದ್ದುದು ಮುಂದೆ ಸೇರಿಸಬೇಕೆಂದಿದ್ದ ವಾಹಿನಿಗಳಿಗೆ ಬೇಕಾದ ಸ್ಥಳಾವಕಾಶವೇ ಹೊರತು, ಅಂದು ಪ್ರಸಾರವಾಗುತ್ತಿದ್ದ ವಾಹಿನಿಗಳಲ್ಲ.

ಆದರೂ ವಿಫಲವಾಗಿದ್ದರೆ ನಿಜವಾದ ಇಕ್ಕಟ್ಟು ಕೆಲವು ವರ್ಷಗಳ ಬಳಿಕ ಎದುರಾಗುತ್ತಿತ್ತು. ಜಿಸ್ಯಾಟ್-10 ಉಪಗ್ರಹದ ವಿನ್ಯಾಸದ ಆಯುಷ್ಯ 15 ವರ್ಷ. ಲೆಕ್ಕದ ಪ್ರಕಾರ ಅದು 2027ರ ಆಸುಪಾಸಿಗೆ ಮುಗಿಯುತ್ತದೆ. ಆದ್ದರಿಂದ ಜಿಸ್ಯಾಟ್-24ನ್ನು ಬರೀ ವಿಸ್ತರಣೆ ಎಂದು ನೋಡದೆ, ಮುಂದಿನ ನಿವೃತ್ತಿಗೆ ಐದು ವರ್ಷ ಮೊದಲೇ ಮಾಡಿಕೊಂಡ ಸಿದ್ಧತೆ ಎಂದೂ ನೋಡುವುದು ಸರಿಯೆಂದು ನನಗೆ ತೋರುತ್ತದೆ. ಹಿಂದೆ ಇಷ್ಟು ಮುಂಜಾಗ್ರತೆ ಇರಲಿಲ್ಲ. ಇನ್ಸಾಟ್-4ಎ ಉಪಗ್ರಹದ ವಿನ್ಯಾಸದ ಆಯುಷ್ಯ 12 ವರ್ಷವಾಗಿತ್ತು. ಬದಲಿ ಉಪಗ್ರಹ ಮೇಲೇರುವ ಹೊತ್ತಿಗೆ ಆ ಗಡುವು ದಾಟಿ ಎರಡು ವರ್ಷಗಳಾಗಿದ್ದವು. ವಿನ್ಯಾಸದ ಆಯುಷ್ಯ ಮುಗಿದ ಮರುದಿನವೇ ಉಪಗ್ರಹ ಸಾಯುವುದಿಲ್ಲ ಎಂಬುದು ನಿಜ. ಅದನ್ನೇ ಯೋಜನೆಯ ಆಧಾರ ಮಾಡಿಕೊಳ್ಳುವುದು ಮಾತ್ರ ಜಾಣತನವಲ್ಲ.

ಪ್ರಶ್ನೆ: ಕಾರಿನಲ್ಲಿ ಸ್ಟೆಪ್ನಿ ಇರುವಂತೆ ಒಂದು ಉಪಗ್ರಹವನ್ನು ಮೀಸಲಾಗಿ ಮೇಲೆಯೇ ಏಕೆ ಇಟ್ಟಿರುವುದಿಲ್ಲ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಸ್ಟೆಪ್ನಿ ಡಿಕ್ಕಿಯಲ್ಲಿದ್ದಾಗ ಸವೆಯುವುದಿಲ್ಲ, ಉಪಗ್ರಹ ಸುಮ್ಮನಿದ್ದರೂ ಸವೆಯುತ್ತದೆ. ತನ್ನ ನೆಲೆಯಲ್ಲಿ ಉಳಿಯಲು ಅದು ಆಗಾಗ ಇಂಧನ ಉರಿಸಲೇಬೇಕು, ಅದರ ಸೌರಫಲಕಗಳು ವಿಕಿರಣದಿಂದ ವರ್ಷವರ್ಷವೂ ಕ್ಷೀಣಿಸುತ್ತವೆ. ಹೀಗಾಗಿ ಪೂರ್ತಿ ಬಿಡುವಾಗಿರುವ ಉಪಗ್ರಹವೊಂದನ್ನು ಸಾಕುವ ಬದಲು, ಒಂದೇ ನೆಲೆಯಲ್ಲಿರುವ ಎರಡು ಮೂರು ಉಪಗ್ರಹಗಳಿಗೆ ಕೆಲಸ ಹಂಚಿ, ಒಂದು ಕೆಟ್ಟರೆ ಮುಖ್ಯ ವಾಹಿನಿಗಳನ್ನು ಇನ್ನೊಂದಕ್ಕೆ ವರ್ಗಾಯಿಸುವಷ್ಟು ಅವಕಾಶ ಉಳಿಸಿಕೊಳ್ಳುವುದು ರೂಢಿಯಾಗಿದೆ. ಪ್ರತಿ ಉಪಗ್ರಹದ ಒಳಗೂ ಕೆಟ್ಟುದರ ಜಾಗದಲ್ಲಿ ಬಳಸಿಕೊಳ್ಳಲು ಕೆಲವು ಹೆಚ್ಚುವರಿ ಆಂಪ್ಲಿಫೈಯರ್‌ಗಳಿರುತ್ತವೆ.

ಈ ಪದ್ಧತಿಯ ಅತ್ಯುತ್ತಮ ಉದಾಹರಣೆ ಯುರೋಪಿನದು. ಲಕ್ಸೆಂಬರ್ಗಿನ ಎಸ್‌ಇಎಸ್ ಸಂಸ್ಥೆ 19.2 ಡಿಗ್ರಿ ಪೂರ್ವದ ಒಂದೇ ನೆಲೆಯಲ್ಲಿ ಆಸ್ಟ್ರಾ ಸರಣಿಯ ಹಲವು ಉಪಗ್ರಹಗಳನ್ನು ಕೂಡಿಸಿತ್ತು. ಆ ಗುಂಪಿನ ಹಳೆಯ ಸದಸ್ಯರ ಬದಲಿಗೂ ಮೀಸಲಿಗೂ ಆಗಲೆಂದು ಕಟ್ಟಿಸಿದ, ಐದು ಟನ್ನಿಗೂ ಮೀರಿದ ಆಸ್ಟ್ರಾ-1ಕೆ 2002ರ ನವೆಂಬರಿನಲ್ಲಿ ಪ್ರೋಟಾನ್ ರಾಕೆಟ್ಟಿನ ಮೇಲಿನ ಹಂತದ ದೋಷದಿಂದ ಕೆಳಗಿನ ಕಕ್ಷೆಯಲ್ಲೇ ಸಿಕ್ಕಿಕೊಂಡಿತು. ಎರಡೇ ವಾರಗಳಲ್ಲಿ ಅದನ್ನು ಸಾಗರಕ್ಕೆ ಬೀಳಿಸಬೇಕಾಯಿತು. ನಷ್ಟ ದೊಡ್ಡದೇ, ಆದರೆ ಹಳೆಯ ಉಪಗ್ರಹಗಳು ಅಲ್ಲೇ ಇದ್ದುದರಿಂದ ವೀಕ್ಷಕರಿಗೆ ಅದರ ಬಿಸಿ ತಟ್ಟಲಿಲ್ಲ. ಬದಲಿಯಾದ ಆಸ್ಟ್ರಾ-1ಕೆಆರ್ ಮೇಲೇರಿದ್ದು 2006ರಲ್ಲಿ. ನಮ್ಮಲ್ಲಿ 2006ರ ಜುಲೈ 10ರಂದು ಶ್ರೀಹರಿಕೋಟಾದಿಂದ ಹೊರಟ ಜಿಎಸ್‌ಎಲ್‌ವಿ ರಾಕೆಟ್ ವಿಫಲವಾಗಿ ಇನ್ಸಾಟ್-4ಸಿ ನಾಶವಾದಾಗ, ಅದರ ಪಡಿಯಚ್ಚಿನಂತಹ ಇನ್ಸಾಟ್-4ಸಿಆರ್ ಮರುವರ್ಷದ ಸೆಪ್ಟೆಂಬರ್ 2ರಂದು ಮೇಲೇರಿತು. ಹದಿನಾಲ್ಕು ತಿಂಗಳಲ್ಲಿ ಬದಲಿಯನ್ನು ಒದಗಿಸಿದ್ದು ಮೆಚ್ಚತಕ್ಕ ಕೆಲಸ.

ಪ್ರಶ್ನೆ: 2010ರಲ್ಲಿ ನಮ್ಮ ಬೀದಿಯ ಹಲವು ಮನೆಗಳಲ್ಲಿ ಡಿಶ್‌ನ ದಿಕ್ಕನ್ನು ಸ್ವಲ್ಪ ಬದಲಿಸಬೇಕಾಯಿತು. ಉಪಗ್ರಹ ಕೆಟ್ಟರೆ ಮೇಲಿನಿಂದಲೇ ಸರಿಪಡಿಸಲು ಬರುವುದಿಲ್ಲವೇ?
— ಓದುಗರೊಬ್ಬರು, ಮೈಸೂರು

ಉತ್ತರ: ಅದು ಇನ್ಸಾಟ್-4ಬಿ ಪ್ರಕರಣ. 93.5 ಡಿಗ್ರಿ ಪೂರ್ವದಲ್ಲಿದ್ದ ಈ ಉಪಗ್ರಹದ ಎರಡು ಸೌರಫಲಕಗಳಲ್ಲಿ ಒಂದರ ವಿದ್ಯುತ್ತು 2010ರ ಜುಲೈನಲ್ಲಿ ದೊರೆಯದಾಯಿತು. ವಿದ್ಯುತ್ತು ಅರ್ಧವಾದ ಮೇಲೆ ಟ್ರಾನ್ಸ್‌ಪಾಂಡರ್‌ಗಳಲ್ಲಿಯೂ ಅರ್ಧದಷ್ಟನ್ನು ಆರಿಸುವುದು ಅನಿವಾರ್ಯವಾಯಿತು. ಅದೇ ನೆಲೆಯಲ್ಲಿ ಆ ಹೊರೆ ಹೊರಬಲ್ಲ ಇನ್ನೊಂದು ಕೆಯು ಬ್ಯಾಂಡ್ ಉಪಗ್ರಹ ನಮಗಿರಲಿಲ್ಲ. ಆಗ ಸನ್ ಡೈರೆಕ್ಟ್ ತನ್ನ ವಾಹಿನಿಗಳಿಗಾಗಿ 91.5 ಡಿಗ್ರಿಯಲ್ಲಿದ್ದ ಮಲೇಷ್ಯಾದ ಮೀಸ್ಯಾಟ್-3 ಉಪಗ್ರಹವನ್ನು ಆಶ್ರಯಿಸಿತು.

ಎರಡು ಡಿಗ್ರಿಯ ವ್ಯತ್ಯಾಸ ಕೇಳಲು ಅಲ್ಪವೆನಿಸಬಹುದು. ಆದರೆ ಅರವತ್ತು ಸೆಂಟಿಮೀಟರಿನ ಮನೆಯ ಡಿಶ್ ಆಕಾಶದಲ್ಲಿ ಸುಮಾರು ಮೂರು ಡಿಗ್ರಿಯಷ್ಟು ಅಗಲದ ತುಂಡನ್ನು ಮಾತ್ರ ಚೆನ್ನಾಗಿ ಗ್ರಹಿಸುತ್ತದೆ. ನಡುಗೆರೆಯಿಂದ ಎರಡು ಡಿಗ್ರಿ ಆಚೆಗೆ ಸಂಕೇತ ಬಹಳ ಕುಗ್ಗುತ್ತದೆ. ಬೇರೆ ನೆಲೆಯ ಉಪಗ್ರಹವನ್ನು ಬಾಡಿಗೆಗೆ ಪಡೆಯುವುದು ಬೇಗ ಆಗುವ ಕೆಲಸ, ಆದರೆ ಅದರ ಬೆಲೆಯನ್ನು ಲಕ್ಷಾಂತರ ತಾರಸಿಗಳ ಮೇಲೆ ತೆರಬೇಕಾಗುತ್ತದೆ. ಆದ್ದರಿಂದಲೇ ‘ಬದಲಿ ಇದೆಯೇ?’ ಎಂದಷ್ಟೇ ಕೇಳದೆ ‘ಅದೇ ನೆಲೆಯಲ್ಲಿ ಬದಲಿ ಇದೆಯೇ?’ ಎಂದು ಕೇಳಬೇಕು. 93.5 ಡಿಗ್ರಿಗೆ 24 ಕೆಯು ಟ್ರಾನ್ಸ್‌ಪಾಂಡರ್‌ಗಳ ಜಿಸ್ಯಾಟ್-15 ಬಂದದ್ದು 2015ರ ನವೆಂಬರಿನ ಉಡಾವಣೆಯ ಬಳಿಕ. ಐದು ವರ್ಷಗಳ ಈ ವಿಳಂಬವನ್ನು ಮನರಂಜನೆಯ ವಿಷಯವೆಂದು ತಳ್ಳಿಹಾಕುವಂತಿಲ್ಲ.

ಡಿಟಿಎಚ್ ಬರುವ ಮೊದಲೂ ಇಂತಹ ಪ್ರಸಂಗವಿತ್ತು. 1997ರ ಜೂನಿನಲ್ಲಿ ಉಡಾಯಿಸಿದ ಇನ್ಸಾಟ್-2ಡಿ ನಾಲ್ಕೇ ತಿಂಗಳಲ್ಲಿ ವಿದ್ಯುತ್ ದೋಷದಿಂದ ನಿಷ್ಕ್ರಿಯವಾದಾಗ, ಭಾರತ ಆಗಲೇ ಕಕ್ಷೆಯಲ್ಲಿದ್ದ ಅರಬ್‌ಸ್ಯಾಟ್-1ಸಿ ಉಪಗ್ರಹವನ್ನು ಕೊಂಡು ಅದಕ್ಕೆ ಇನ್ಸಾಟ್-2ಡಿಟಿ ಎಂದು ಹೆಸರಿಟ್ಟಿತು. ಇನ್ನು ನಮಗೆ ಆಸರೆಯಾಗಿದ್ದ ಮೀಸ್ಯಾಟ್-3 ಕೂಡ 2021ರ ಜೂನಿನಲ್ಲಿ ಕೆಟ್ಟಿತು. ಆ ನೆಲೆಗೆಂದು ಮೊದಲೇ ಸಿದ್ಧವಾಗುತ್ತಿದ್ದ ಮೀಸ್ಯಾಟ್-3ಡಿ ಮರುವರ್ಷ ಮೇಲೇರಿತು. ಅದೇ ರಾಕೆಟ್ಟಿನಲ್ಲಿದ್ದ ಇನ್ನೊಂದು ಉಪಗ್ರಹ ನಮ್ಮ ಜಿಸ್ಯಾಟ್-24.

ಪ್ರಶ್ನೆ: ಒಂದೇ ನೆಲೆಯಲ್ಲಿ ಹಲವು ಉಪಗ್ರಹಗಳಿದ್ದರೆ ಅವು ಡಿಕ್ಕಿಯಾಗುವುದಿಲ್ಲವೇ?
— ಓದುಗರೊಬ್ಬರು, ಹಾಸನ

ಉತ್ತರ: ಆ ಎತ್ತರದಲ್ಲಿ ಒಂದು ಡಿಗ್ರಿಯ ಹತ್ತನೇ ಒಂದು ಭಾಗವೆಂದರೂ ಸುಮಾರು 73 ಕಿಲೋಮೀಟರ್ ಆಗುತ್ತದೆ. ಅಷ್ಟು ಜಾಗದೊಳಗೆ ಪ್ರತಿಯೊಂದು ಉಪಗ್ರಹದ ಪಥವನ್ನೂ ತುಸು ಬೇರೆ ಬೇರೆಯಾಗಿ ಹೊಂದಿಸಿ ಅಂತರ ಕಾಯುತ್ತಾರೆ. ಭೂಮಿಯ ಮೇಲಿನ ಡಿಶ್‌ಗೆ ಅವೆಲ್ಲವೂ ಒಂದೇ ಬಿಂದುವಿನಂತೆ ಕಾಣುತ್ತವೆ. ಈ ಕೆಲಸ ನಡೆಯುವುದು ನಿಮ್ಮ ಊರಿನ ಮುಖ್ಯ ನಿಯಂತ್ರಣ ಕೇಂದ್ರದಲ್ಲಿಯೇ. ಅದು ಕೈಕೊಟ್ಟರೆ ಆಸರೆಯಾಗಲೆಂದು 2005ರಿಂದ ಭೋಪಾಲದಲ್ಲಿ ಎರಡನೆಯ ಕೇಂದ್ರವಿದೆ.