ಪದ್ಯ ಬರುತ್ತದೆ, ಹೆಸರು ಬರುವುದಿಲ್ಲ

"ಪದ್ಯ ಹೇಳ್ಲಿಕ್ಕೆ ಬರ್ತದೆ, ನನ್ನ ಹೆಸರು ಹೇಳ್ಲಿಕ್ಕೆ ಬರುದಿಲ್ಲ. ಬೇಕಂತ್ಲೇ ಮಾಡುದಾ ಮೇಡಂ?"

ಹೀಗೆ ಕೇಳಿದ್ದು ಗಂಡನನ್ನು ಕರೆದುಕೊಂಡು ನನ್ನ ಸಲಹೆಗೆ ಬಂದ ಹೆಂಡತಿ, ಅವರನ್ನು ಅಕ್ಕ ಎನ್ನುತ್ತೇನೆ. ಉಡುಪಿ ಕಡೆಯ ದಂಪತಿ. ಗುರುತು ಸಿಗದಂತೆ ವಿವರ ಬದಲಾಯಿಸಿದ್ದೇನೆ. ಮದುವೆಯಾದಾಗಿನಿಂದ ಭಜನಾ ಮಂದಿರದಲ್ಲಿ ಯಜಮಾನರದ್ದು ಹಾರ್ಮೋನಿಯಂ, ಅಕ್ಕನದ್ದು ತಾಳ, ಹಾಡು ಇಬ್ಬರದ್ದೂ. ಎಂಟು ತಿಂಗಳ ಹಿಂದೆ ಯಜಮಾನರಿಗೆ ಸ್ಟ್ರೋಕ್ ಆಯಿತು. ಬಲಗೈ ಸೋತಿತು, ಮಾತು ನಿಂತಿತು. ಒಂದು ಸಂಜೆ ಅಕ್ಕ ದೀಪ ಹಚ್ಚಿ ದಾಸರ ಪದ ಶುರು ಮಾಡಿದರೆ, ಇವರು ಪಲ್ಲವಿ ಪೂರ್ತಿ ಹಾಡಿಬಿಟ್ಟರು! ಅಲ್ಲಿಂದ ಕಷ್ಟ ಶುರುವಾಯಿತು. ಹಾಡು ಮುಗಿದ ಕೂಡಲೇ ಅಕ್ಕ, "ಈಗ ನನ್ನ ಹೆಸರು ಹೇಳಿ" ಎನ್ನುತ್ತಿದ್ದರು. ಅವರು ಬಾಯಿ ತೆರೆದು ಸುಮ್ಮನಾಗುತ್ತಿದ್ದರು. ಕೊನೆಗೆ ಹಾಡುವುದನ್ನೂ ಬಿಟ್ಟರು.

ಇದು ಹಠವಲ್ಲ ಎಂದೆ. ಹೆಚ್ಚಿನವರಲ್ಲಿ ಮಾತಿನ ಕೆಲಸ ನಡೆಯುವುದು ಮಿದುಳಿನ ಎಡಭಾಗದಲ್ಲಿ. ಅಲ್ಲಿ ಪೆಟ್ಟಾದರೆ ಅಫೇಸಿಯಾ, ಅಂದರೆ ಮಾತಿನ ಶಕ್ತಿ ಕುಂದುವುದು. ಬಲಗೈ ಸೋತದ್ದೂ ಅದೇ ಪೆಟ್ಟಿಗೆ. ಹಾಡಿಗೆ ಬಲಭಾಗವೂ ದುಡಿಯುತ್ತದೆ. ಸಾವಿರ ಸಲ ಹಾಡಿದ ಪದ ತಾನಾಗಿ ಬರುತ್ತದೆ, ಮಾತನ್ನು ಹುಡುಕಿ ತರಬೇಕು.

"ಎಷ್ಟು ಬೈದೆ ಇವರಿಗೆ" ಎಂದು ಅಕ್ಕ ಅತ್ತುಬಿಟ್ಟರು. ಅವರೂ ಎಂಟು ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಅದನ್ನು ಯಾರೂ ಕೇಳಿರಲಿಲ್ಲ. ವಾರಕ್ಕೊಂದು ದಿನ ಮೈದುನನನ್ನು ಮನೆಯಲ್ಲಿ ಕೂರಿಸಿ, ಮಂದಿರಕ್ಕೆ ಹೋಗಿ ಹಾಡಿ ಬನ್ನಿ ಎಂದೆ.

ಸ್ಪೀಚ್ ಥೆರಪಿಸ್ಟ್ ಹತ್ತಿರ ಕಳಿಸಿದೆ. ಅಮೆರಿಕದಲ್ಲಿ 1973ರಲ್ಲಿ ಬೆಳಕಿಗೆ ಬಂದ ಮೆಲೊಡಿಕ್ ಇಂಟೊನೇಷನ್ ಥೆರಪಿ ಎಂಬ ಕ್ರಮವಿದೆ. ದಿನಬಳಕೆಯ ಮಾತನ್ನೇ ಎರಡು ಸ್ವರದಲ್ಲಿ ಎಳೆದು ಹಾಡಬೇಕು, ಅಕ್ಷರಕ್ಕೊಮ್ಮೆ ಎಡಗೈ ತಟ್ಟಬೇಕು, ಮೆಲ್ಲಗೆ ರಾಗ ಬಿಡಿಸಬೇಕು. ಎಲ್ಲರಿಗೂ ಒಗ್ಗುವುದಿಲ್ಲ, ಅದಕ್ಕೇ ತಜ್ಞರೇ ನೋಡಿ ಹೇಳಬೇಕು. ಇವರಿಗೆ "ನೀರು ಬೇಕು", "ಗಂಜಿ ಸಾಕು" ಇಂದ ಶುರು ಮಾಡಿದರು.

ನಾನು ಒತ್ತಿ ಹೇಳಿದ್ದು ಒಂದೇ. ಅಭ್ಯಾಸ ಬೆಳಿಗ್ಗೆ ಇರಲಿ. ಸಂಜೆಯ ಭಜನೆಯಲ್ಲಿ ಪರೀಕ್ಷೆ ಬೇಡ. ಅಲ್ಲಿ ನೀವು ಹೆಂಡತಿ, ಟೀಚರ್ ಅಲ್ಲ. ಹಾರ್ಮೋನಿಯಂ ಹೊರಗೆ ತೆಗೆಯಿರಿ. ಅವರ ಎಡಗೈ ಗಾಳಿ ಹಾಕಲಿ, ನೀವು ಕೀ ಒತ್ತಿ.

"ನನಗೆ ಬಾರಿಸ್ಲಿಕ್ಕೆ ಬರುದಿಲ್ವಲ್ಲ ಮೇಡಂ."

ಯಜಮಾನರು ಅಂದು ಮೊದಲ ಸಲ ನಕ್ಕರು.

ಮೂರನೇ ಭೇಟಿಗೆ ಬಂದಾಗ ಅಕ್ಕನದ್ದು ದೂರು: "ತಪ್ಪು ಕೀ ಒತ್ತಿದ್ರೆ ಗಾಳಿಯೇ ನಿಲ್ಲಿಸ್ತಾರೆ!" ಹೆಸರು ಇನ್ನೂ ಬಂದಿಲ್ಲ. "ಗಂಜಿ ಸಾಕು" ಬಂದಿದೆ, ಅರ್ಧ ರಾಗದಲ್ಲಿ.