ಡಿಸೆಂಬರ್ ಗಡಿಬಿಡಿಯಲ್ಲಿ ಯೇಸುವಿಗೆ ಜಾಗ ಎಲ್ಲಿ?

ಪ್ರಶ್ನೆ: ನಮ್ಮದು ಕ್ಯಾಥೊಲಿಕ್ ಕುಟುಂಬ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಡಿಸೆಂಬರ್ ಬಂತೆಂದರೆ ಆಫೀಸ್ ಪಾರ್ಟಿ, ಆನ್‌ಲೈನ್ ಸೇಲ್, ಹೊಸ ಬಟ್ಟೆ, ಕೇಕ್ ಆರ್ಡರ್. ಆರು ವರ್ಷದ ಮಗಳಿಗೆ ಸಾಂಟಾ ಏನು ತರುತ್ತಾನೆ ಅನ್ನುವುದೊಂದೇ ಚಿಂತೆ. 24ರ ರಾತ್ರಿ ಪೂಜೆಗೆ ಹೊರಡುವಷ್ಟರಲ್ಲಿ ನಾವು ಸುಸ್ತು. ಈ ಸಲ ಎಲ್ಲ ಬಿಟ್ಟು ಬರೀ ಪ್ರಾರ್ಥನೆ ಮಾಡಿದರೆ ಸಾಕಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಎಲ್ಲ ಬಿಡಬೇಡಿ ತಂಗಿ. ಹಬ್ಬದ ರುಚಿ ಹತ್ತುವ ವಯಸ್ಸು ನಿಮ್ಮ ಮಗಳದು. ನನಗೆ ತೊಂದರೆ ಕಾಣುವುದು ಕ್ಯಾಲೆಂಡರಿನಲ್ಲಿ. ಅಂಗಡಿಯವರು ನವೆಂಬರಿನಲ್ಲೇ ನಕ್ಷತ್ರ ತೂಗುಹಾಕುತ್ತಾರೆ, 26ಕ್ಕೆ ಹೊಸ ವರ್ಷದ ಬೋರ್ಡು. ಚರ್ಚಿನ ಲೆಕ್ಕ ಬೇರೆ ಅಲ್ವಾ? ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರ ಆಗಮನ ಕಾಲ, ಕಾಯುವ ಕಾಲ. ಆ ಭಾನುವಾರಗಳ ಪೂಜೆಯಲ್ಲಿ ಗ್ಲೋರಿಯಾ, ಅಂದರೆ ದೇವರ ಮಹಿಮೆಯ ಸ್ತುತಿಗೀತೆ, ಹಾಡುವುದಿಲ್ಲ. 24ರ ರಾತ್ರಿ ಅದು ಗಂಟೆಗಳ ಸದ್ದಿನ ಜೊತೆ ವಾಪಸ್ ಬರುತ್ತದೆ. ಕ್ರಿಸ್ಮಸ್ ಕಾಲ ಶುರುವಾಗುವುದೇ ಆಗ, ಜನವರಿಯಲ್ಲಿ ಯೇಸುವಿನ ಸ್ನಾನದೀಕ್ಷೆಯ ಹಬ್ಬದವರೆಗೂ ಇರುತ್ತದೆ. ನೀವು ಕಾಯಬೇಕಾದ ದಿನಗಳಲ್ಲೇ ಹಬ್ಬ ಮಾಡಿ ಮುಗಿಸುತ್ತಿದ್ದೀರಿ. ಸುಸ್ತಾಗದೆ ಇನ್ನೇನು? ನೆಂಟರನ್ನು, ಸ್ನೇಹಿತರನ್ನು 25 ಕಳೆದ ಮೇಲೆ ಊಟಕ್ಕೆ ಕರೆಯಿರಿ.

ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಅಲಂಕಾರ, ಗೋದಲಿಯನ್ನು ಮಗಳ ಕೈಗೆ ಕೊಡಿ. ನಮ್ಮ ಮಂಗಳೂರು ಕಡೆ ಡಿಸೆಂಬರ್ ಮಧ್ಯದಲ್ಲಿ ಗೆರಟೆಗೆ ಮಣ್ಣು ತುಂಬಿ ರಾಗಿ, ಭತ್ತ ಬಿತ್ತುತ್ತೇವೆ. ದಿನಾ ನೀರು ಚಿಮುಕಿಸುವುದು ಮಕ್ಕಳ ಕೆಲಸ. ಹಬ್ಬದ ಹೊತ್ತಿಗೆ ಬೆರಳುದ್ದದ ಹಸಿರು ಗದ್ದೆ! ದನ, ಕುರಿ, ಮರಿಯಮ್ಮ, ಜೋಸೆಫ್ ಎಲ್ಲ ಇಡಿ, ಹುಲ್ಲಿನ ಮೇಲೆ ಕೂಸು ಮಾತ್ರ ಬೇಡ. "ಯೇಸು ಎಲ್ಲಿ?" ಅಂತ ಅವಳೇ ಕೇಳುತ್ತಾಳೆ ನೋಡಿ. ಪೂಜೆ ಮುಗಿಸಿ ಬಂದ ಮೇಲೆ ಅವಳ ಕೈಯಲ್ಲೇ ಇಡಿಸಿ. ಲೂಕನ ಶುಭಸಂದೇಶದ ಎರಡನೇ ಅಧ್ಯಾಯ, ಮೊದಲ 20 ವಚನ ಜೋರಾಗಿ ಓದಿ. ಐದು ನಿಮಿಷ ಸಾಕು. ಛತ್ರದಲ್ಲಿ ಜಾಗ ಸಿಗದ ಆ ಕೂಸನ್ನು ನೋಡಲು ಓಡಿ ಬಂದವರು ರಾತ್ರಿಯೆಲ್ಲ ಕುರಿ ಕಾಯುತ್ತಿದ್ದ ಬಡವರು. ಅದನ್ನು ಅವಳಿಗೆ ಬಿಡಿಸಿ ಹೇಳಿ. ಬೆಳಿಗ್ಗೆ ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ, ಮೊದಲ ತಟ್ಟೆಯನ್ನು ನಿಮ್ಮ ಅಪಾರ್ಟ್‌ಮೆಂಟಿನ ರಾತ್ರಿ ಪಾಳಿಯ ವಾಚ್‌ಮನ್‌ಗೆ ಅವಳೇ ಕೊಡಲಿ.

ನಕ್ಷತ್ರ ನೋಡಿ ಯೇಸುವನ್ನು ಹುಡುಕಿ ಬಂದ ಮೂವರು ಜ್ಞಾನಿಗಳ ಗೊಂಬೆಗಳನ್ನು ಟಿವಿ ಹತ್ತಿರ ನಿಲ್ಲಿಸಿ, ದಿನಾ ಒಂದೊಂದು ಗೇಣು ಮುಂದೆ ಸರಿಸಲು ಹೇಳಿ. ಜನವರಿ ಮೊದಲ ವಾರ ಅವರ ಹಬ್ಬದ ದಿನಕ್ಕೆ ಗೋದಲಿ ಮುಟ್ಟಲಿ.

ಸಾಂಟಾ ವಿಷಯಕ್ಕೆ ಜಗಳ ಬೇಡ. ಆ ಹೆಸರಿನ ಹಿಂದೆ ಇರುವವರು ಮೈರಾ ಊರಿನ ಬಿಷಪ್ ಸಂತ ನಿಕೋಲಾಸ್. ಬಡ ತಂದೆಯೊಬ್ಬನ ಮೂವರು ಹೆಣ್ಣುಮಕ್ಕಳ ಮದುವೆಗೆಂದು ರಾತ್ರಿ ಗುಟ್ಟಾಗಿ ಹಣದ ಗಂಟು ಎಸೆದು ಹೋದರು ಅನ್ನುವ ಕಥೆ ಹೇಳಿ. ಅವರ ಹಬ್ಬ ಡಿಸೆಂಬರ್ 6. ಉಡುಗೊರೆ ಅವತ್ತೇ ಕೊಟ್ಟುಬಿಡಿ.

ಕುಸ್ವಾರ್ ಎಲ್ಲ ಮನೆಯಲ್ಲೇ ಆಗಬೇಕೆಂದಿಲ್ಲ. ಕಿಡಿಯೊ ಒಂದು ಮಾಡಿ, ಹೊಸ ಬಾಚಣಿಗೆ ಮೇಲೆ ಹಿಟ್ಟು ಒತ್ತಿ ಸುರುಳಿ ಸುತ್ತುವುದು ಮಕ್ಕಳಿಗೆ ತುಂಬಾ ಇಷ್ಟ. ಉಳಿದದ್ದು ಬೇಕರಿಯಿಂದ ಬರಲಿ. ಮಿಕ್ಕ ಸಂಜೆಯಲ್ಲಿ ನೀವಿಬ್ಬರೂ ಪಾಪನಿವೇದನೆಗೆ, ಅಂದರೆ ಚರ್ಚಿನ ಗುರುಗಳ ಬಳಿ ತಪ್ಪು ಒಪ್ಪಿಕೊಂಡು ಕ್ಷಮೆ ಬೇಡಲು, ಹೋಗಿ ಬನ್ನಿ. 20ರೊಳಗೆ ಹೋದರೆ ಒಳ್ಳೆಯದು. ಆಮೇಲೆ ಸಾಲು ಉದ್ದ, ಗುರುಗಳಿಗೂ ಕೂತು ಮಾತಾಡಲು ಪುರುಸೊತ್ತು ಇರುವುದಿಲ್ಲ.