ಪರಮ್ ಪ್ರವೇಗದಂಥ ಕ್ಲಸ್ಟರ್‌ನಲ್ಲಿ ಖಾತೆ ಪಡೆಯುವುದು ಹೇಗೆ? ಮೊದಲ ಜಾಬ್ ಹಾಕುವಾಗ ಏನು ನೋಡಿಕೊಳ್ಳಬೇಕು?

ವಿಭಾಗದ ವರ್ಕ್‌ಸ್ಟೇಷನ್ನಿನಲ್ಲಿ ಗ್ರೊಮ್ಯಾಕ್ಸ್ (ಅಣುಗಳ ಚಲನೆಯನ್ನು ಲೆಕ್ಕ ಹಾಕುವ ಸಾಫ್ಟ್‌ವೇರ್) ಓಡಿಸಿದರೆ ವಾರಗಟ್ಟಲೆ ಹಿಡಿಯುತ್ತದೆ, ಕ್ಲಸ್ಟರ್, ಅಂದರೆ ಹಲವು ಕಂಪ್ಯೂಟರ್ ಜೋಡಿಸಿದ ದೊಡ್ಡ ಯಂತ್ರ, ಸಿಗಲು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದ್ದೀರಿ. ಶುರು ಮಾಡಬೇಕಾದದ್ದು ನಿಮ್ಮ ಗೈಡ್ ಹತ್ತಿರ. ಇಂಥ ಕಡೆ ಅರ್ಜಿ ಸಾಮಾನ್ಯವಾಗಿ ಹೋಗುವುದು ಪ್ರಾಧ್ಯಾಪಕರ ಹೆಸರಿನಲ್ಲಿ. ವಿದ್ಯಾರ್ಥಿಯ ಖಾತೆ ಅವರ ಪ್ರಾಜೆಕ್ಟಿನ ಕೆಳಗೆ ತೆರೆಯುತ್ತದೆ, ಅವಧಿ ಮುಗಿದಾಗ ನವೀಕರಿಸಬೇಕಾಗುತ್ತದೆ. ಪರಮ್ ಪ್ರವೇಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ 3.3 ಪೆಟಾಫ್ಲಾಪ್ (ಒಂದು ಪೆಟಾಫ್ಲಾಪ್ ಎಂದರೆ ಸೆಕೆಂಡಿಗೆ ಸಾವಿರ ಲಕ್ಷ ಕೋಟಿಯಷ್ಟಲ್ಲ, ನೂರು ಲಕ್ಷ ಕೋಟಿಯ ಹತ್ತು ಪಟ್ಟು ಎಂಬ ಗೊಂದಲ ಬೇಡ: ಸೆಕೆಂಡಿಗೆ 10ರ 15ನೇ ಘಾತದಷ್ಟು ಲೆಕ್ಕ) ಯಂತ್ರ, ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಅಡಿಯಲ್ಲಿ ಬಂದದ್ದು. ಹೊರಗಿನ ವಿಶ್ವವಿದ್ಯಾಲಯದವರಿಗೆ ನಿಯಮ, ಶುಲ್ಕ ಎರಡೂ ಬೇರೆ ಇರಬಹುದು. ಈಗಿನ ಫಾರ್ಮ್ ತರಿಸಿಕೊಂಡೇ ಮುಂದುವರಿಯಿರಿ. ನಿಮ್ಮ ವಿಶ್ವವಿದ್ಯಾಲಯದಲ್ಲೇ ಚಿಕ್ಕ ಕ್ಲಸ್ಟರ್ ಇದ್ದರೆ ಮೊದಲು ಅಲ್ಲಿ ಕೇಳುವುದು ಒಳ್ಳೆಯದು.

ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಒಂದೇ ಕಾಲಮ್ಮಿನಲ್ಲಿ: ಎಷ್ಟು ಕೋರ್-ಗಂಟೆ (ಪ್ರೊಸೆಸರಿನ ಒಂದು ಕೋರ್ ಒಂದು ಗಂಟೆ ಓಡಿದಷ್ಟು) ಬೇಕು? ‘ಸಾಧ್ಯವಾದಷ್ಟು’ ಎಂದು ಬರೆದರೆ ವಾಪಸ್ ಬರುತ್ತದೆ. ಲೆಕ್ಕ ಸುಲಭ: 48 ಕೋರ್‌ಗಳಲ್ಲಿ 6 ಗಂಟೆ ಓಡುವ ಜಾಬ್ (ಕ್ಲಸ್ಟರಿಗೆ ಕೊಡುವ ಒಂದು ಲೆಕ್ಕದ ಕೆಲಸ) 200 ಸಲ ಬೇಕಾದರೆ 57,600 ಕೋರ್-ಗಂಟೆ. ಆ 6 ಗಂಟೆ ಅಂದಾಜಾಗದೆ ಅಳೆದದ್ದಾಗಿರಲಿ. ನೀವು ಅಧ್ಯಯನ ಮಾಡುವ ಅಣುಗಳ ಸಿಸ್ಟಮ್ಮನ್ನೇ 4, 8, 16 ಕೋರ್‌ಗಳಲ್ಲಿ ಹತ್ತು ಹತ್ತು ನಿಮಿಷ ಓಡಿಸಿ. ಗ್ರೊಮ್ಯಾಕ್ಸ್ ಲಾಗ್ ಫೈಲಿನ ಕೊನೆಯಲ್ಲಿ ಒಂದು ದಿನದ ಓಟಕ್ಕೆ ಅಣುಗಳ ಎಷ್ಟು ನ್ಯಾನೋಸೆಕೆಂಡ್ ಚಲನೆಯ ಲೆಕ್ಕ ಮುಗಿಯುತ್ತದೆ ಎಂಬ ಅಂಕಿ ಸಿಗುತ್ತದೆ. ಕೋರ್ ಎರಡರಷ್ಟಾದರೂ ಆ ಅಂಕಿ ಅಷ್ಟಾಗಿ ಏರದಿದ್ದರೆ ಅಲ್ಲಿಗೇ ನಿಲ್ಲಿಸಿ. ಈ ಪುಟ್ಟ ಕೋಷ್ಟಕವನ್ನು ಅರ್ಜಿಗೆ ಲಗತ್ತಿಸಿದರೆ, ಪರಿಶೀಲಿಸುವವರು ಕೇಳುವ ಅರ್ಧ ಪ್ರಶ್ನೆಗೆ ಉತ್ತರ ಕೊಟ್ಟಂತೆ.

ಲಾಗಿನ್‌ಗೆ ಎಸ್‌ಎಸ್‌ಎಚ್ ಕೀ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ಜೋಡಿ ಕೀ) ಕೇಳಿದರೆ ಇಡಿ25519 ಬಗೆಯದನ್ನು ಮಾಡಿ, ಪಾಸ್‌ಫ್ರೇಸ್ ಹಾಕಿ. ಎರಡು ಫೈಲ್ ಹುಟ್ಟುತ್ತವೆ. ‘ಡಾಟ್ ಪಬ್’ ಎಂದು ಮುಗಿಯುವುದನ್ನು ಮಾತ್ರ ಕಳಿಸಬೇಕು. ಇನ್ನೊಂದು ನಿಮ್ಮ ಯಂತ್ರ ಬಿಟ್ಟು ಹೋಗಬಾರದು, ಲ್ಯಾಬಿನ ಗೆಳೆಯರಿಗೂ ಕೊಡಬಾರದು. ಅದರ ಪರ್ಮಿಷನ್ 600 (ನೀವು ಮಾತ್ರ ಓದಿ ಬರೆಯುವಂತೆ) ಇರಲಿ, ಬೇರೆಯವರೂ ಓದುವಂತಿದ್ದರೆ ಎಸ್‌ಎಸ್‌ಎಚ್ ಆ ಕೀಯನ್ನೇ ತಿರಸ್ಕರಿಸುತ್ತದೆ. ‘ಪರ್ಮಿಷನ್ ಡಿನೈಡ್’ ಬಂತೆಂದು ಮತ್ತೆ ಮತ್ತೆ ಒತ್ತಬೇಡಿ, ಹಲವು ಕಡೆ ಐಪಿ ವಿಳಾಸವೇ ಬ್ಲಾಕ್ ಆಗುತ್ತದೆ. ಕ್ಯಾಂಪಸ್ ನೆಟ್‌ವರ್ಕಿನಿಂದ ಹೊರಗಿದ್ದೀರಾ, ವಿಪಿಎನ್ ಬೇಕಾ ಎಂದು ಮೊದಲು ನೋಡಿ.

ಒಳಗೆ ಹೋದಮೇಲೆ ನೀವಿರುವುದು ಲಾಗಿನ್ ನೋಡ್‌ನಲ್ಲಿ (ಕ್ಲಸ್ಟರಿನ ಒಂದೊಂದು ಕಂಪ್ಯೂಟರೂ ಒಂದು ನೋಡ್). ಅದು ಎಲ್ಲರದು: ಫೈಲ್ ತಿದ್ದಲು, ಜಾಬ್ ಕಳಿಸಲು ಮಾತ್ರ. ಲೆಕ್ಕ ಓಡಿಸಿದರೆ ಉಳಿದವರಿಗೆ ಟೈಪ್ ಮಾಡುವುದೂ ಕಷ್ಟವಾಗುತ್ತದೆ, ಅಡ್ಮಿನ್ ಪ್ರೋಸೆಸ್ ಕೊಲ್ಲುತ್ತಾರೆ. ಜಾಬ್‌ಗಳನ್ನು ಕ್ಯೂನಲ್ಲಿಟ್ಟು ಹಂಚುವ ಶೆಡ್ಯೂಲರ್ ಆಗಿ ಸ್ಲರ್ಮ್ ಇರುವಲ್ಲಿ ಕೆಲಸ ಹೋಗಬೇಕಾದದ್ದು ಎಸ್‌ಬ್ಯಾಚ್ ಎಂಬ ಕಮಾಂಡ್ ಮೂಲಕ. ಅದಕ್ಕೆ ಕೊಡುವ ಸ್ಕ್ರಿಪ್ಟಿನಲ್ಲಿ ಅಕೌಂಟ್, ಪಾರ್ಟಿಷನ್ (ಜಾಬ್ ಹೋಗಬೇಕಾದ ನೋಡ್‌ಗಳ ಗುಂಪು), ಕೋರ್, ಮೆಮೊರಿ, ಸಮಯ ಇಷ್ಟನ್ನೂ ಬರೆಯಿರಿ. ಮೆಮೊರಿ ಬರೆಯದೆ ಬಿಟ್ಟರೆ ಕ್ಲಸ್ಟರಿನ ಡೀಫಾಲ್ಟ್ ಸಿಗುತ್ತದೆ, ಅದು ಸಾಲದೆ ಜಾಬ್ ಅರ್ಧದಲ್ಲೇ ಸಾಯಬಹುದು. ವಿಂಡೋಸ್‌ನಲ್ಲಿ ಬರೆದ ಸ್ಕ್ರಿಪ್ಟಾದರೆ ಸಾಲು ಮುಗಿಯುವ ಗುರುತು ಬೇರೆಯಾದ್ದರಿಂದ ‘ಡಾಸ್ ಲೈನ್ ಬ್ರೇಕ್ಸ್’ ಎಂದು ಎಸ್‌ಬ್ಯಾಚ್ ತಳ್ಳಿಹಾಕುತ್ತದೆ. ಡಾಸ್‌ಟುಯುನಿಕ್ಸ್ ಓಡಿಸಿದರೆ ಸರಿಹೋಗುತ್ತದೆ.

ಸಮಯದ ವಿಷಯಕ್ಕೆ ಗಮನ ಕೊಡಿ. 2 ಗಂಟೆಯ ಕೆಲಸಕ್ಕೆ 72 ಗಂಟೆ ಕೇಳಿದರೆ ಕ್ಯೂನಲ್ಲಿ ಕೊಳೆಯುತ್ತೀರಿ: ದೊಡ್ಡ ಜಾಬ್‌ಗೆ ನೋಡ್‌ಗಳು ಬಿಡುವಾಗುವವರೆಗೆ ಉಳಿಯುವ ಸಂದಿಯಲ್ಲಿ ಶೆಡ್ಯೂಲರ್ ತೂರಿಸುವುದು ಚಿಕ್ಕ ಅವಧಿಯ ಜಾಬ್‌ಗಳನ್ನೇ. ಅಳೆದದ್ದಕ್ಕೆ ಶೇ 20–30 ಸೇರಿಸಿದರೆ ಸಾಕು. ಗರಿಷ್ಠ ಮಿತಿ 24 ಗಂಟೆ ಇದ್ದರೆ ಗ್ರೊಮ್ಯಾಕ್ಸ್‌ಗೆ ‘ಮ್ಯಾಕ್ಸ್‌ಎಚ್’ (ಗರಿಷ್ಠ ಗಂಟೆ) ಆಯ್ಕೆಯಲ್ಲಿ 23.5 ಕೊಡಿ. ಅಲ್ಲಿಯವರೆಗಿನ ಸ್ಥಿತಿಯನ್ನು ಉಳಿಸುವ ಚೆಕ್‌ಪಾಯಿಂಟ್ ಫೈಲ್ ಬರೆದು ತಾನಾಗಿ ನಿಲ್ಲುತ್ತದೆ, ಮುಂದಿನ ಜಾಬ್ ಅಲ್ಲಿಂದಲೇ ಮುಂದುವರಿಸಬಹುದು.

ಜಾಬ್ ಓಡುವಾಗಿನ ತಾತ್ಕಾಲಿಕ ಜಾಗವಾದ ಸ್ಕ್ರ್ಯಾಚ್ ಡೈರೆಕ್ಟರಿ ಶೇಖರಣೆಗೆ ಅಲ್ಲ. ಹಳೆಯ ಫೈಲ್‌ಗಳನ್ನು ನಿಗದಿತ ದಿನಗಳ ನಂತರ ಅಳಿಸುವುದು ರೂಢಿ, ಬ್ಯಾಕಪ್ ಇರುವುದಿಲ್ಲ. ಫಲಿತಾಂಶಗಳನ್ನು ಫೈಲ್ ನಕಲಿಸುವ ಆರ್‌ಸಿಂಕ್ ಕಮಾಂಡಿನಿಂದ ಆಗಾಗ ಇಳಿಸಿಕೊಳ್ಳಿ.

ಜಾಬ್ ಕೈಕೊಟ್ಟಾಗ ‘ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಕ್ಲಸ್ಟರಿನ ಅಡ್ಮಿನ್‌ಗೆ ಮೇಲ್ ಹಾಕಬೇಡಿ. ಜಾಬ್ ನಂಬರ್, ಸ್ಕ್ರಿಪ್ಟ್ ಇರುವ ಪೂರ್ತಿ ಪಾತ್, ಎರರ್ ಫೈಲಿನ ಕೊನೆಯ ಸಾಲುಗಳು, ಇವಿಷ್ಟು ಕಳಿಸಿದರೆ ಅವರು ನೇರ ಅಲ್ಲಿಗೇ ಹೋಗಿ ನೋಡುತ್ತಾರೆ.